ಮೇಷ್ಟ್ರ ಹಿತ್ತಲಿನ ರಕ್ತ

ಗೋದಾವರಮ್ಮ ಬೆಳ್ಳಂಬೆಳಿಗ್ಗೆ ಹಿತ್ತಲಿಗೆ ಹೋದವರು ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಅಂಗೈಯಗಲ ರಕ್ತ ಕಂಡು ಕಿಟಾರನೆ ಕಿರುಚಿಕೊಂಡರು. ಅವರು ಕಿರುಚಿದ್ದು ಸಾಲಿಗ್ರಾಮದಿಂದ ಪಡುವಣಕ್ಕಿರುವ ಹೊಳೆಬಾಗಿಲು ಎಂಬ ಸಣ್ಣ ಊರಿನಲ್ಲಿ. ಆ ಹೊತ್ತಿಗೆ ಮಂಗಳೂರಿನ ಬಾಡಿಗೆ ಕೋಣೆಯಲ್ಲಿ ಸುಧೀರ ನೆಮ್ಮದಿಯಿಂದ ಹಲ್ಲುಜ್ಜುತ್ತಿದ್ದ. ಆ ಕಿರುಚಾಟ ಹೈವೇ ಹಿಡಿದು ದಕ್ಷಿಣಕ್ಕೆ ಬಂದು ಇವನ ಬುಡಕ್ಕೇ ತಗಲುತ್ತದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ಸುಧೀರ ಮಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ವಿಜ್ಞಾನಿ. ಕೊಲೆ, ಕಳವು ನಡೆದಲ್ಲಿಗೆ ಹೋಗಿ ರಕ್ತ, ಕೂದಲು, ಬೆರಳ ಗುರುತು ಹುಡುಕುವುದು ಅವನ ಕೆಲಸ. ಇದನ್ನು ಕುಂದಾಪುರದ ಕೋಡಿಯಲ್ಲಿರುವ ಅವನ ಮನೆಯವರಿಗೆ ವಿವರಿಸಿ ವಿವರಿಸಿ ಅವನು ಸೋತಿದ್ದ. ಮೀನು ಮಾರುವ ಅವನ ತಾಯಿ ಜಲಜ, "ನಮ್ಮ ಮಗ ಲ್ಯಾಬಂಗೆ ಇಪ್ಪುದ್" ಎಂದು ಕೇರಿಯಿಡೀ ಹೇಳಿಟ್ಟಿದ್ದರಿಂದ, ಅವನು ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ನೆರೆಕರೆಯವರು ಸಣ್ಣ ಸಣ್ಣ ಬಾಟಲಿಗಳನ್ನು ಸೆರಗಿನಡಿ ಇಟ್ಟುಕೊಂಡು ಬಂದು, "ಮಗಾ, ಸಕ್ರೆ ಎಷ್ಟಿತ್ತ್ ಕಂಡ್ ಹೇಳ್" ಎನ್ನುತ್ತಿದ್ದರು.

ಹಲ್ಲುಜ್ಜಿ ಮುಗಿಯುವ ಮೊದಲೇ ಫೋನು ಬಂತು. ನಿರ್ದೇಶಕರು. "ನೋಡಿ ಸುಧೀರ್, ಹೊಳೆಬಾಗಿಲಿನಲ್ಲಿ ಒಬ್ಬ ಹುಡುಗ ಕಾಣೆಯಾಗಿದ್ದಾನಂತೆ. ಹಿತ್ತಲಲ್ಲಿ ರಕ್ತ ಇದೆಯಂತೆ. ನೀವೊಬ್ಬರೇ ಹೋಗಿ. ಜೀಪು ಗ್ಯಾರೇಜಿನಲ್ಲಿದೆ, ಬಸ್ಸಿನಲ್ಲಿ ಹೋಗಿ."

ಒಬ್ಬನೇ ಹೋಗುವುದು ಅದೇ ಮೊದಲು. ಇಷ್ಟು ದಿನ ಹಿರಿಯರ ಹಿಂದೆ ಪೆಟ್ಟಿಗೆ ಹೊತ್ತು ನಡೆದವನಿಗೆ ಎದೆ ಉಬ್ಬಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕಪ್ಪು ಪೆಟ್ಟಿಗೆ ಎತ್ತಿಕೊಂಡು ಕುಂದಾಪುರದ ಎಕ್ಸ್‌ಪ್ರೆಸ್ ಹತ್ತಿದ.

"ಹ್ವಾಯ್, ಪೆಟ್ಟಿಗೆಯಂಗೆ ಎಂತ, ಮೀನಾ?" ಕಂಡಕ್ಟರ್ ಮೂಗು ಹಿಂಡಿದ. "ಮೀನಾರೆ ಹಿಂದೆ ಇಡಿ ಮಾರಾಯ್ರೆ."

"ಮೀನಲ್ಲ. ಪೊಲೀಸ್ ಕೆಲಸದ ಸಾಮಾನು."

"ಎಂತ ಕೇಸು?"

ಸುಧೀರನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಹೊಳೆಬಾಗಿಲಂಗೆ ಒಂದ್ ರಕ್ತದ ಕಲೆ ಕಾಂಬುಕಿತ್ತ್," ಎಂದುಬಿಟ್ಟ.

ಉಡುಪಿ ದಾಟುವಾಗ ಬಸ್ಸಿನ ಮುಂದಿನ ಸೀಟಿನವರಿಗೆ ಹೊಳೆಬಾಗಿಲಿನಲ್ಲಿ ಒಂದು ಕೊಲೆಯಾಗಿದೆ ಎಂದು ಗೊತ್ತಾಯಿತು. ಬ್ರಹ್ಮಾವರದಲ್ಲಿ ಹಿಂದಿನ ಸೀಟಿನವರಿಗೆ ಎರಡು ಕೊಲೆ ಎಂದು ಗೊತ್ತಾಯಿತು. ಸಾಲಿಗ್ರಾಮದಲ್ಲಿ ಸುಧೀರ ಇಳಿದಾಗ ಅವನ ಜೊತೆ ಕುಂದಾಪುರಕ್ಕೆ ಟಿಕೆಟ್ ಮಾಡಿದ್ದವರೂ ಏಳೆಂಟು ಮಂದಿ ಇಳಿದರು.

ರಕ್ತ ಕಂಡದ್ದು ದಾಮೋದರ ಮೇಷ್ಟ್ರ ಮನೆಯಲ್ಲಿ. ಮೇಷ್ಟ್ರು ನಿವೃತ್ತರಾದ ಮೇಲೆ ಊರಿನ ದೇವಸ್ಥಾನದ ಪೂಜೆ ನೋಡಿಕೊಳ್ಳುತ್ತಿದ್ದರು. ಮಡಿ, ಮೈಲಿಗೆ, ಶುದ್ಧ ಎಂದರೆ ಊರಿನವರೆಲ್ಲ ಅವರ ಮನೆಯ ಕಡೆ ಕೈ ತೋರಿಸುತ್ತಿದ್ದರು. ಸುಧೀರ ಅಂಗಳಕ್ಕೆ ಕಾಲಿಟ್ಟರೆ ಅಲ್ಲಿ ಚಪ್ಪರ! ಸಾಲಾಗಿ ಕೆಂಪು ಪ್ಲಾಸ್ಟಿಕ್ ಕುರ್ಚಿ! ಮರುದಿನ ಮೇಷ್ಟ್ರ ಮಗಳು ಶ್ರೀವಾಣಿಯ ನಿಶ್ಚಿತಾರ್ಥವಂತೆ. ನಿಶ್ಚಿತಾರ್ಥಕ್ಕೆ ತಂದ ಕುರ್ಚಿಗಳಲ್ಲಿ ಊರಿನವರು ಹಿಂದಿನ ದಿನವೇ ಬಂದು ಕುಳಿತು ತನಿಖೆಗೆ ಕಾಯುತ್ತಿದ್ದರು.

ಸಬ್ ಇನ್‌ಸ್ಪೆಕ್ಟರ್ ಗೋವರ್ಧನ ಎದುರು ಬಂದರು. ಕಿರಿಮಂಜೇಶ್ವರದ ಕಡೆಯವರು. ಮೀಸೆ ದೊಡ್ಡದು, ದನಿ ಸಣ್ಣದು.

"ಬನಿ ಸರ್. ಮೇಷ್ಟ್ರ ಮಗ ಅನೀಶ ಬೆಳಿಗ್ಗೆಯಿಂದ ಕಾಣ್ತಿಲ್ಲ. ಫೋನ್ ಮನೆಯಂಗೇ ಚಾರ್ಜಿಗ್ ಇತ್ತ್. ಅಂವಂದ್ ಒಂದ್ ಚಪ್ಲಿ ಹಿತ್ಲಂಗೆ ಬಿದ್ದಿತ್ತ್, ಇನ್ನೊಂದಿಲ್ಲ. ಕಲ್ಲಿನ್ ಹತ್ರ ರಕ್ತ. ಅಲ್ಲಿಂದ ಗೇಟಿನ ತನ್ಕ ಮಣ್ಣಂಗೆ ಎಂತದೋ ಎಳ್ದ ಗುರ್ತ್."

"ಎಳೆದ ಗುರುತು ಎಲ್ಲಿ?"

ಗೋವರ್ಧನರು ತೋರಿಸಿದ ಕಡೆ ಸುಧೀರ ನೋಡಿದ. ನೆಲ ಹೊಸ ಸ್ಲೇಟಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಸಗಣಿಯ ವಾಸನೆ ಘಮ್ಮೆಂದಿತು.

ಪಕ್ಕದ ಮನೆಯ ಕುಸುಮಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಹೊಗಳಿಕೆಗೆ ಕಾದವರಂತೆ ಮುಂದೆ ಬಂದರು. "ನಾನೇ ಸಾರ್ಸಿದ್ದ್. ಮಂಗ್ಳೂರಿಂದ ದೊಡ್ಡೋರ್ ಬತ್ರ್ ಅಂಬ್ರ್, ಅಂಗ್ಳ ಹಾಂಗೇ ಇದ್ರೆ ನಮ್ಗೆ ಮರ್ವಾದಿಯಾ? ಕಲ್ಲಿನ್ ಹತ್ರದ್ ಮಾತ್ರ ಎಷ್ಟ್ ತಿಕ್ಕಿರೂ ಹೋಯ್ಲಿಲ್ಲ ಕಾಣಿ."

ಸುಧೀರ ಕಣ್ಣು ಮುಚ್ಚಿ ಒಂದು ನಿಟ್ಟುಸಿರು ಬಿಟ್ಟ. ನಂತರ ಪೆಟ್ಟಿಗೆ ತೆರೆದ.

ಆ ಪೆಟ್ಟಿಗೆ ತೆರೆದದ್ದೇ ತಡ, ಕುರ್ಚಿಗಳೆಲ್ಲ ಕಲ್ಲಿನ ಸುತ್ತ ಬಂದು ನಿಂತವು. ಎಲ್ಲರಿಗಿಂತ ಮುಂದಿದ್ದವರು ಚಂದಯ್ಯ. ಮುಂಬೈಯ ಹೋಟೆಲೊಂದರಲ್ಲಿ ಕ್ಯಾಶಿಯರ್ ಆಗಿದ್ದು ಈಗ ಊರಿನಲ್ಲಿ ನೆಲೆಸಿದವರು. ದಿನವೂ ಟಿವಿಯಲ್ಲಿ ಹಿಂದಿ ಪತ್ತೇದಾರಿ ಸೀರಿಯಲ್ ನೋಡುವವರು. "ಏಕ್‌ದಮ್ ಸಿಂಪಲ್ ಕೇಸ್, ಸರ್," ಎಂದರು. "ಕಲ್ಲಿನ್ ಹತ್ರ ಹೊಡ್ದದ್ದ್. ಗೇಟಿನ್ ತನ್ಕ ಎಳ್ದದ್ದ್. ಗಾಡಿಯಂಗೆ ಹಾಕ್ದದ್ದ್. ಖತಮ್!"

ಇದನ್ನು ಕೇಳಿ ಒಳಗಿದ್ದ ಗೋದಾವರಮ್ಮ "ಮಗಾ ಅನೀಶಾ!" ಎಂದು ಗೋಳೋ ಎಂದು ಅತ್ತರು. ಶ್ರೀವಾಣಿ ತಾಯಿಯನ್ನು ಹಿಡಿದುಕೊಂಡು ಚಂದಯ್ಯನವರನ್ನು ಕೆಕ್ಕರಿಸಿ ನೋಡಿದಳು. ಮೇಷ್ಟ್ರು ಜಗಲಿಯ ಕಂಬಕ್ಕೆ ಒರಗಿ ಕಲ್ಲಿನಂತೆ ಕುಳಿತಿದ್ದರು.

ಸುಧೀರ ಹತ್ತಿಯ ಕಡ್ಡಿಯನ್ನು ಕಲೆಗೆ ಒತ್ತಿ, ಅದರ ಮೇಲೆ ದ್ರಾವಣದ ಹನಿ ಬಿಟ್ಟ. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. ಗುಂಪು "ಹೋ!" ಎಂದಿತು.

"ರಕ್ತ ಹೌದು," ಎಂದ ಸುಧೀರ. "ಆದ್ರೆ ಮನುಷ್ಯರದ್ದಾ ಅಲ್ವಾ ಅಂತ ಇದರಲ್ಲಿ ಗೊತ್ತಾಗೂದಿಲ್ಲ."

ಅವನ ಮಾತಿನ ಎರಡನೆಯ ಅರ್ಧವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅವನು ಪೆಟ್ಟಿಗೆಯಿಂದ ಉದ್ದನೆಯ ಒಂದು ಪಟ್ಟಿ ತೆಗೆದ. "ಇದ್ರಂಗೆ ಎರಡು ಗೆರೆ ಬಂದ್ರೆ ಮನುಷ್ಯರ ರಕ್ತ, ಒಂದೇ ಬಂದ್ರೆ ಅಲ್ಲ."

ಕುಸುಮಕ್ಕ ಕುತ್ತಿಗೆ ಉದ್ದ ಮಾಡಿ ನೋಡಿ, ಪಕ್ಕದವರ ಕಿವಿಯಲ್ಲಿ, "ಎರ್ಡ್ ಗೀಟ್ ಬಂದ್ರೆ ಬಸ್ರ್ ಅಲ್ದನಾ?" ಎಂದರು. ಸದ್ಯ, ಬಂದದ್ದು ಒಂದೇ ಗೆರೆ.

ಸುಧೀರನಿಗೆ ನಿರಾಳವಾಯಿತು. ಕಲ್ಲಿನ ಬಿರುಕನ್ನು ಭೂತಗನ್ನಡಿ ಹಿಡಿದು ನೋಡಿದ. ಅಲ್ಲಿ ಏನೋ ಮಿನುಗಿತು. ಚಿಮಟದಿಂದ ಮೆಲ್ಲಗೆ ಎತ್ತಿದ. ಬೆಳ್ಳಿಯಂತೆ ಹೊಳೆಯುವ, ಉಗುರಿನಷ್ಟೂ ಇಲ್ಲದ ಒಂದು ತೆಳ್ಳನೆಯ ಹುರುಪೆ. ಹುಟ್ಟಿದಂದಿನಿಂದ ಅಂಥವನ್ನು ಕೈಗೆ ಕಾಲಿಗೆ ಅಂಟಿಸಿಕೊಂಡೇ ಬೆಳೆದವನು ಅವನು. ಪ್ರಯೋಗಾಲಯ ಬೇಕಿರಲಿಲ್ಲ.

"ಇದು ಬೈಗೆ ಮೀನಿಂದು!" ಎಂದ ಸಂತೋಷದಿಂದ. ಮತ್ತು ಇಡೀ ಅಂಗಳಕ್ಕೆ ಕೇಳುವ ಹಾಗೆ, "ಇಲ್ಲಿ ಯಾರು ಮೀನು ಕೊಯ್ದದ್ದು?" ಎಂದು ಕೇಳಿದ.

ಕೊಲೆ ಎಂದಾಗ ಯಾರೂ ಬೆಚ್ಚಿರಲಿಲ್ಲ. ಮೀನು ಎಂದಾಗ ಎಲ್ಲರೂ ಬೆಚ್ಚಿದರು. ಕುರ್ಚಿಯ ಮೇಲೆ ಕುಳಿತಿದ್ದ ಒಬ್ಬ ಹಿರಿಯರು ಎದ್ದು ನಿಂತರು. ಚಪ್ಪರ ಕಟ್ಟುತ್ತಿದ್ದವನ ಕೈಯಿಂದ ಹಗ್ಗ ಜಾರಿತು. ಮೇಷ್ಟ್ರ ಹಿತ್ತಲಲ್ಲಿ, ದೇವರ ಪೂಜೆಗೆ ಹೋಗುವವರ ಮನೆಯಲ್ಲಿ, ನಿಶ್ಚಿತಾರ್ಥದ ಹಿಂದಿನ ದಿನ, ಮೀನು!

ಒಳಗೆ ಗೋದಾವರಮ್ಮನವರ ಅಳು ತಟ್ಟನೆ ನಿಂತಿತು. "ಹಾಂಗಾರೆ ನನ್ ಮಗ ಸತ್ತಿಲ್ಲ! ದೇವ್ರೇ, ಬದ್ಕಿದ್ದ!" ಎಂದು ನಕ್ಕರು. ಮರುಕ್ಷಣ ಆ ನಗು ಕರಗಿ, "ಮೀನ್ ತಿಂದ್ ಓಡಿ ಹೋಯ್ನಾ ನನ್ ಮಗ!" ಎಂದು ಮೊದಲಿಗಿಂತ ಜೋರಾಗಿ ಅಳತೊಡಗಿದರು.

ಸ್ವಲ್ಪ ಹೊತ್ತಿಗೆ ಅವರು ಸುಧೀರನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಎರಡೂ ಕೈ ಮುಗಿದರು.

"ಮಗಾ, ನಿನ್ನ್ ದಮ್ಮಯ್ಯ. ಅದ್ ಮನ್ಷರದ್ದೇ ರಕ್ತ ಅಂದೇಳಿ ಬರಿ."

"ಅಮ್ಮಾ, ಮನುಷ್ಯರದ್ದು ಅಂತ ಬರೆದ್ರೆ ನಿಮ್ಮ ಮಗನ ಕೊಲೆಯಾಗಿದೆ ಅಂತಾಗ್ತದೆ!"

"ಆಯ್ಲಿ. ಎರ್ಡ್ ದಿನ ಬಿಟ್ಟ್ ಅವ ಬಂದ್ರೆ ಬದ್ಕಿ ಬಂದ ಅಂದೇಳಿ ಬರಿ. ಮೀನ್ ಅಂತ ಮಾತ್ರ ಬರ್ಯಬೇಡ. ಹೆಣ್ಣಿನ್ ಮದಿ ನಿಂತ್ ಹೋತ್ತ್."

ಶ್ರೀವಾಣಿ ನಡುವೆ ಬಾಯಿ ಹಾಕಿದಳು. "ಅಮ್ಮ, ಮೀನಿನ ಕಾರಣಕ್ಕೆ ನಿಂತ್ ಹೋಪ ಮದಿ ನಿಂತ್ ಹೋಯ್ಲಿ. ನೀವ್ ಇದ್ದದ್ ಇದ್ದ್ ಹಾಂಗೆ ಬರಿನಿ ಸರ್."

"ನೀನ್ ಸುಮ್ನಿರ್!"

ಸುಧೀರ ಹೌದೆನ್ನಲಾರದೆ ಇಲ್ಲವೆನ್ನಲಾರದೆ ನಿಂತ. ಅವನು ಹಾಗೆ ನಿಂತದ್ದನ್ನು ಒಪ್ಪಿಗೆಯಲ್ಲ ಎಂದು ಸರಿಯಾಗಿಯೇ ಅರ್ಥ ಮಾಡಿಕೊಂಡ ಗೋದಾವರಮ್ಮ ಕಣ್ಣೊರೆಸಿಕೊಂಡು, "ಆಯ್ಲಿ. ಮೊದ್ಲ್ ಉಂಡ್ಕಣಿ. ಹಸ್ದ್ ಹೊಟ್ಟೆಯಂಗೆ ಯಾರೂ ನಮ್ಮನೆಯಿಂದ ಹೋಯ್ಲಿಲ್ಲ," ಎಂದು ಬಾಳೆಲೆ ಹಾಕಿದರು.

ಮೆಸ್ಸಿನ ಊಟದಿಂದ ನಾಲಗೆ ಜಡ್ಡುಗಟ್ಟಿದ್ದ ಸುಧೀರನ ಮುಂದೆ ಆ ದಿನ ಕೋಸಂಬರಿ, ಅನಾನಸ್ ಮೆಣಸ್ಕಾಯಿ, ಸೌತೆಕಾಯಿ ಹುಳಿ, ತಂಬುಳಿ ಒಂದರ ಹಿಂದೆ ಒಂದು ಬಂದವು. ಸಾಕು ಎಂದಾಗಲೆಲ್ಲ ಇನ್ನೊಂದು ಸೌಟು ಬಿದ್ದಿತು. ಅವನ ಎದುರಿನ ಎಲೆಯಲ್ಲಿ ಕುಳಿತಿದ್ದ ಮೇಷ್ಟ್ರು ಅನ್ನ ಕಲಸಿದವರು ಹಾಗೇ ಎದ್ದು, "ಹಿತ್ತಲಿಗೆ ಹೋಯ್ ಬತ್ತೆ" ಎಂದರು. ಅವರು ಬಂದ ಮೇಲೆ ಚಂದಯ್ಯ, "ಒಂದ್ ಮಿನಿಟ್" ಎಂದು ಹೋದರು. ಗೋವರ್ಧನರು, "ಬೇಲಿ ಹತ್ರ ಜನ ಸೇರಿದ್ರ್, ಓಡ್ಸಿ ಬತ್ತೆ," ಎಂದು ಹೋದರು. ಕೊನೆಯ ಸಿಹಿ ಹಾಲುಬಾಯಿ ಬಡಿಸಬೇಕಾಗಿದ್ದ ಗೋದಾವರಮ್ಮನೂ ಬಟ್ಟಲು ಮಗಳ ಕೈಗೆ ಕೊಟ್ಟು ಎಲ್ಲಿಗೋ ಹೋದರು. ಊಟದ ನಡುವೆ ಇಷ್ಟು ಜನಕ್ಕೆ ಇಷ್ಟು ತುರ್ತು ಏಕೆ ಬಂತು ಎಂದು ಯೋಚಿಸಬೇಕಿದ್ದ ವಿಜ್ಞಾನಿ ಮೂರನೆಯ ಹಾಲುಬಾಯಿಯಲ್ಲಿ ಮುಳುಗಿದ್ದ.

ಕೈ ತೊಳೆದು ಬಂದಾಗ ಗೋವರ್ಧನರು ಪ್ಯಾಂಟಿನ ಜೇಬಿಗೆ ಕೈ ತೂರಿಸಿಕೊಂಡು ನಿಂತಿದ್ದರು. "ಸರ್, ಒಂದೇ ಕಲೆ ಕಂಡ್ ಹೇಳುಕಾಗ. ಇನ್ನೊಂದ್ಸಲ ಕಾಂಬನಾ?"

"ನೋಡಬಹುದು."

ನೋಡಿದ. ಕಲ್ಲಿನ ಮೇಲೆ ಬೆಳಿಗ್ಗೆ ಇಲ್ಲದಿದ್ದ ದೊಡ್ಡ ರಕ್ತದ ಹನಿಗಳಿದ್ದವು. ಪಟ್ಟಿ ಹಿಡಿದ. ಎರಡು ಗೆರೆ! ಬಾವಿಯ ಕಟ್ಟೆಯ ಮೇಲೆ ಇನ್ನಷ್ಟು ಹನಿ. ಎರಡು ಗೆರೆ! ಹಿಂಬಾಗಿಲ ಹೊಸ್ತಿಲಲ್ಲಿ, ಎರಡು ಗೆರೆ. ಬೇಲಿಯ ಬುಡದಲ್ಲಿ, ಎರಡು ಗೆರೆ. ಸುಧೀರ ಪೆಟ್ಟಿಗೆಯ ತಳದಿಂದ ರಕ್ತದ ಗುಂಪು ನೋಡುವ ಪುಟ್ಟ ಬಾಟಲಿಗಳನ್ನು ತೆಗೆದು ಬಿಳಿ ಹಲಗೆಯ ಮೇಲೆ ಪರೀಕ್ಷೆ ಮಾಡಿದ. ಕಲ್ಲಿನದ್ದು ಬಿ. ಬಾವಿಯದ್ದು ಎ. ಹೊಸ್ತಿಲಿನದ್ದು ಓ. ಬೇಲಿಯದ್ದು ಎಬಿ.

"ನಾಲ್ಕು ಗುಂಪು," ಎಂದು ತನಗೆ ತಾನೇ ಗೊಣಗಿಕೊಂಡ.

"ನಾಲ್ಕು ಮರ್ಡರ್!" ಎಂದು ಕೂಗಿದರು ಚಂದಯ್ಯ. ಕೂಗಿದ ಮೇಲೆ ಲೆಕ್ಕ ಎಲ್ಲೋ ತಪ್ಪಿದೆ ಎಂದು ಅವರ ಮುಖದಲ್ಲೇ ಕಂಡಿತು. ಆದರೆ ಅಷ್ಟರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಕಾನ್‌ಸ್ಟೇಬಲ್ ಒಬ್ಬ ವೈರ್‌ಲೆಸ್ ಹಿಡಿದು, "ಮೇಷ್ಟ್ರ ಮನೆಯಲ್ಲಿ ನಾಲ್ವರ ರಕ್ತ ಸಿಕ್ಕಿದೆ, ಓವರ್" ಎಂದು ಡಿವೈಎಸ್ಪಿಯವರಿಗೆ ಮುಟ್ಟಿಸಿ ಆಗಿತ್ತು. ಆ ಕಡೆಯಿಂದ, "ಯಾರೂ ಅಲುಗಾಡಬೇಡಿ, ನಾನೇ ಬರ್ತಿದ್ದೇನೆ" ಎಂದು ಉತ್ತರವೂ ಬಂತು. ಗೋವರ್ಧನರ ಮೀಸೆ ಇಳಿಬಿತ್ತು.

ಸುಧೀರ ಮತ್ತೊಮ್ಮೆ ಕಲ್ಲಿನತ್ತ ಬಾಗಿದ. ಬೆಳಿಗ್ಗೆಯ ಕಲೆ ಒಣಗಿ ಕಂದಾಗಿತ್ತು. ಈ ಹನಿಗಳು ದಾಸವಾಳದಂತೆ ಕೆಂಪಗೆ, ಇನ್ನೂ ಹಸಿಯಾಗಿದ್ದವು. ಅವನು ಮೆಲ್ಲಗೆ ತಲೆಯೆತ್ತಿ ಮೇಷ್ಟ್ರನ್ನು ನೋಡಿದ. ಮೇಷ್ಟ್ರು ಎಡಗೈಯನ್ನು ಶಾಲಿನೊಳಗೆ ಎಳೆದುಕೊಂಡರು.

ಅವನು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಹತ್ತಿರ ಆಟೋರಿಕ್ಷಾ ಒಂದು ಬಂದು ನಿಂತಿತು. ಅದರಿಂದ ಕೆದರಿದ ತಲೆಯ, ಅಂಗಿಯ ಎದೆಯೆಲ್ಲ ರಕ್ತದ ಕಲೆಯಾಗಿದ್ದ ಒಬ್ಬ ಯುವಕ ಇಳಿದ. ಅವನ ಕಾಲಲ್ಲಿ ಒಂದೂ ಚಪ್ಪಲಿ ಇರಲಿಲ್ಲ.

"ಅನೀಶಾ!" ಎಂದು ಮನೆಯವರೆಲ್ಲ ಒಟ್ಟಿಗೆ ಕೂಗಿದರು. ಕುಸುಮಕ್ಕ ಮಾತ್ರ ಭೂತ ಕಂಡವರಂತೆ ಎರಡು ಹೆಜ್ಜೆ ಹಿಂದೆ ಸರಿದರು.

"ಎಂತಾಯ್ತ್? ಇಷ್ಟ್ ಜನ ಎಂತಕೆ?" ಅನೀಶ ಕಕ್ಕಾಬಿಕ್ಕಿಯಾದ. "ನಿಶ್ಚಿತಾರ್ಥ ನಾಳೆ ಅಲ್ದಾ?"

"ಎಲ್ಲಿಗ್ ಹೋಯ್ದೆ? ಮೀನ್ ತಿಂಬುಕಾ?" ಗೋದಾವರಮ್ಮ ಅವನ ಎರಡೂ ಕೆನ್ನೆ ಹಿಡಿದು ಒಮ್ಮೆ ಮುದ್ದಿಸಿದರು, ಒಮ್ಮೆ ಹೊಡೆದರು.

"ಮೀನಾ? ಬ್ರಹ್ಮಾವರದ ದನದ ಆಸ್ಪತ್ರೆಗೆ ಹೋಯ್ದೆ ಅಮ್ಮ! ಬೆಳಿಗ್ಗೆ ಹಲ್ಲ್ ತಿಕ್ಕುಕೆ ಹಿತ್ಲಿಗ್ ಹೋರೆ, ಒಂದ್ ಗರುಡ ಬಾಯಂಗೆ ಮೀನ್ ಕಚ್ಕಂಡ್ ಬಪ್ಪುದ್, ಕಾಕೆಗಳೆಲ್ಲ ಸೇರಿ ಅದನ್ನ ಕುಕ್ಕಿ ಕುಕ್ಕಿ ನಮ್ಮ ಕಲ್ಲಿನ ಮೇಲ್ ಬೀಳ್ಸ್ದೊ. ಮೀನ್ ಕಾಕೆ ಪಾಲಾಯ್ತ್. ರಕ್ತ ಅಂದ್ರೆ ರಕ್ತ! ಅದ್ ಮುರ್ದ ರೆಕ್ಕೆ ಎಳ್ಕಂಡ್ ಗೇಟಿನ ತನ್ಕ ಓಡ್ತ್. ಹಿಡ್ದ್ ಹೆಗ್ಲ ಮೇಲಿದ್ದ ಬೈರಾಸಂಗೆ ಸುತ್ತಿ, ಸಿಕ್ಕಿದ ರಿಕ್ಷಾ ಹತ್ತಿದ್ದೇ. ಫೋನ್ ಎಲ್ಲಿ ನೆನಪಾತ್ತ್? ಒಂದ್ ಚಪ್ಲಿ ನಮ್ಮ ನಾಯಿ ಕಚ್ಕಂಡ್ ಹೋಯ್ತ್, ಇನ್ನೊಂದ್ ಬಿಟ್ಟೇ ಹೋದೆ. ಡಾಕ್ಟ್ರ್ ರೆಕ್ಕೆ ಕಟ್ಟಿರ್. ಬದ್ಕತ್ತ್ ಅಂಬ್ರ್."

 ಆಮೇಲೆ ಮೇಷ್ಟ್ರು, ಆ ದಿನ ಮೊದಲ ಬಾರಿಗೆ, ತಲೆ ಎತ್ತಿ ನೆಟ್ಟಗೆ ನಿಂತರು. "ಗರುಡ!" ಎಂದರು. ಕಣ್ಣು ತುಂಬಿ ಬಂತು. "ನಿಶ್ಚಿತಾರ್ಥದ ಹಿಂದಿನ್ ದಿನ ಗರುಡ ಮನೆಗ್ ಬಂದದ್ದ್!"

ಕ್ಷಣಾರ್ಧದಲ್ಲಿ ಮೈಲಿಗೆ ಮಂಗಳವಾಯಿತು. ಮೀನು ಎಂದಾಗ ಎದ್ದು ನಿಂತಿದ್ದ ಹಿರಿಯರು ಮತ್ತೆ ಕುಳಿತು, ಇಂಥ ಶಕುನ ತಮ್ಮ ಅಜ್ಜನ ಕಾಲದಲ್ಲೂ ಕಂಡದ್ದಿಲ್ಲ ಎಂದರು. ಕುಸುಮಕ್ಕ ತಾನು ಸಾರಿಸಿದ ನೆಲಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡರು. ಶ್ರೀವಾಣಿ ತಮ್ಮನ ಬೆನ್ನಿಗೆ ಒಂದು ಗುದ್ದಿ, ನಕ್ಕಳು.

ನಗದೆ ಉಳಿದವನು ಸುಧೀರನೊಬ್ಬನೇ. "ಸಂತೋಷ," ಎಂದ. "ಈಗ ಎಲ್ಲರೂ ಕೈ ತೋರಿಸಿ."

ಒಂದೆರಡು ಕೈ ಇನ್ನಷ್ಟು ಒಳಗೆ ಸರಿದವು.

"ಡಿವೈಎಸ್ಪಿ ಸಾಹೇಬರು ದಾರಿಯಲ್ಲಿದ್ದಾರೆ. ನಾಲ್ಕು ಹೆಣ ಕೇಳ್ತಾರೆ. ನಾನು ಎಲ್ಲಿಂದ ಕೊಡ್ಲಿ?"

ಮೇಷ್ಟ್ರು ಮೊದಲು ಶಾಲಿನಿಂದ ಎಡಗೈ ತೆಗೆದರು. ಹೆಬ್ಬೆರಳಿಗೆ ಜನಿವಾರದ ನೂಲಿನಿಂದ ಬಟ್ಟೆ ಸುತ್ತಿತ್ತು. "ಮನ್ಷನ ರಕ್ತ ಬೇಕಲ್ದಾ ಅಂದೇಳಿ..." ಎಂದು ತಲೆ ತಗ್ಗಿಸಿದರು. "ಮಗ ತಪ್ಪ್ ಮಾಡ್ದ ಅಂತ ತಿಳ್ಕಂಡೆ. ಹೆಣ್ಣಿನ್ ಬದ್ಕ್ ಹಾಳಾಪುದ್ ಬೇಡ ಅಂದೇಳಿ ಕತ್ತಿ ಬಾಯಿಗೆ ಬೆರಳ್ ಕೊಟ್ಟೆ."

"ನೀವೂ ಕೊಯ್ಕಂಡ್ರಾ?" ಗೋದಾವರಮ್ಮ ಗಂಡನನ್ನು ನೋಡಿದರು. "ನಾನೂ ಮೆಟ್ಟ್‌ಗತ್ತಿಯಂಗೆ ಕೊಯ್ಕಂಡಿದ್ದೆ!" ಸೆರಗಿನಡಿಯಿಂದ ಅರಸಿನ ಮೆತ್ತಿದ ಬೆರಳು ಹೊರಬಂತು. ಅರವತ್ತರ ಆಸುಪಾಸಿನ ಆ ದಂಪತಿ ತಮ್ಮ ತಮ್ಮ ಗಾಯದ ಬೆರಳು ಹಿಡಿದುಕೊಂಡು ಒಬ್ಬರನ್ನೊಬ್ಬರು ನೋಡಿದ ರೀತಿಗೆ ಸುಧೀರನ ಕೋಪ ಅರ್ಧ ಇಳಿಯಿತು.

ಎಲ್ಲರ ಕಣ್ಣು ಚಂದಯ್ಯನವರ ಕಡೆ ತಿರುಗಿತು. "ನೆರೆಕರೆಯವ ಅಂದ್ರೆ ಎಂತಕಿಪ್ಪುದ್?" ಎಂದು ಅವರು ತೋರುಬೆರಳು ಎತ್ತಿದರು. "ಬ್ಲೇಡಂಗೆ ಸ್ವಲ್ಪ ಜಾಸ್ತಿನೇ ಹೋಯ್ತ್, ಬಾಪ್‌ರೇ."

ಸುಧೀರ ಮೂವರ ರಕ್ತವನ್ನೂ ಪರೀಕ್ಷಿಸಿದ. ಮೇಷ್ಟ್ರು ಬಿ. ಗೋದಾವರಮ್ಮ ಓ. ಚಂದಯ್ಯ ಎ. ಕಲ್ಲು, ಹೊಸ್ತಿಲು, ಬಾವಿ ಮೂರಕ್ಕೂ ಸರಿಹೋಯಿತು. ಬೇಲಿಯ ಎಬಿ ಮಾತ್ರ ಉಳಿಯಿತು. ಅನೀಶನನ್ನು ಚುಚ್ಚಿ ನೋಡಿದ, ಓ. ಶ್ರೀವಾಣಿ, ಬಿ. ಕುಸುಮಕ್ಕ, "ಇದ್ ಆಧಾರ್ ಕಾರ್ಡಿಗಾ?" ಎಂದು ಕೇಳಿಕೊಂಡೇ ಐದೂ ಬೆರಳು ಮುಂದೆ ಹಿಡಿ‌ದರು. ಅವರೂ ಓ.

"ಎಬಿ ಯಾರದ್ದು?" ಸುಧೀರ ಕೇಳಿದ. ಮತ್ತೊಮ್ಮೆ ಕೇಳಿದ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸುಧೀರ ಬೇಲಿಯ ಕಡೆ ತಿರುಗಿದ. ಗರುಡ, ಮೀನು, ಹೆಬ್ಬೆರಳು ಎಲ್ಲವನ್ನೂ ದಾಟಿ ಉಳಿದಿರುವ ರಕ್ತ! ಯಾರಿಗೂ ಸೇರದ ರಕ್ತ! ಯಾರೋ ಒಬ್ಬ ಗಾಯಗೊಂಡು ಆ ಬೇಲಿ ದಾಟಿದ್ದಾನೆ. ತನ್ನ ಮೊದಲ ನಿಜವಾದ ಕೇಸು ಇದೇ. "ಬೇಲಿಯ ಆಚೆ ಹುಡುಕಬೇಕು," ಎಂದ. ದನಿ ಗಡಸಾಗಿತ್ತು. "ಗೋವರ್ಧನರೇ, ನಾಯಿ ತರಿಸಿ. ಪೊದೆ ಕಡಿಸಿ. ಅಗತ್ಯ ಬಿದ್ರೆ ನೆಲ ಅಗೆಸುವಾ."

ಗೋವರ್ಧನರು ಅವನ ತೋಳು ಹಿಡಿದು ಬಾವಿಯ ಹಿಂದಕ್ಕೆ ಕರೆದುಕೊಂಡು ಹೋದರು. ಅತ್ತಿತ್ತ ನೋಡಿದರು. ಪ್ಯಾಂಟಿನ ಜೇಬಿನಿಂದ, ಊಟದ ಹೊತ್ತಿನಿಂದ ಹೊರಗೆ ಬಂದಿರದ ಬಲಗೈಯನ್ನು ಮೆಲ್ಲಗೆ ತೆಗೆದರು. ಹೆಬ್ಬೆರಳಿಗೆ ಪೊಲೀಸ್ ಕರ್ಚೀಫು ಸುತ್ತಿತ್ತು.

"ನೀವಾ?"

"ಮೂರನೇ ಕ್ಲಾಸಂಗೆ ನಂಗೆ ಮಗ್ಗಿ ಕಲ್ಸಿದ್ದ್ ಇದೇ ಮೇಷ್ಟ್ರ್ ಸರ್," ಎಂದರು ಗೋವರ್ಧನರು. ಅವರ ಸಣ್ಣ ದನಿ ಇನ್ನಷ್ಟು ಸಣ್ಣದಾಯಿತು. "ಕಿರಿಮಂಜೇಶ್ವರದ ಶಾಲೆಯಂಗೆ ಇದ್ದಿರ್. ಮಧ್ಯಾಹ್ನ ನಂಗೆ ಊಟ ಇಲ್ದಿದ್ರೆ ಅವ್ರ ಬುತ್ತಿಯಿಂದ ಕೊಡ್ತಿದ್ರ್. ಅವ್ರ ಮನೆಗೆ ಹೆಸ್ರ್ ಕೆಡುದ್ ನಂಗೆ ಕಾಂಬುಕಾಯ್ಲಿಲ್ಲ. ಬೇರೆಯೋರೂ ಕೊಯ್ಕಂಡಿದ್ರ್ ಅಂದೇಳಿ ನಂಗೆಂತ ಗೊತ್ತಿತ್ತ್?"

"ತನಿಖೆ ಮಾಡುವವರೇ ಸಾಕ್ಷ್ಯ ಕೆಡಿಸಿದ್ರೆ!"

"ಗೊತ್ತಾರೆ ನೌಕರಿ ಹೋತ್ತ್ ಸರ್. ಮನೆಯಂಗೆ ಎರಡ್ ಮಕ್ಳ್."

ದೂರದಲ್ಲಿ ಜೀಪಿನ ಹಾರ್ನು ಕೇಳಿತು. ಸುಧೀರ ಬಾವಿಯ ಕಟ್ಟೆಗೆ ಒರಗಿದ. ಕೊಲೆ ನಡೆದಿಲ್ಲ, ಕಳವು ನಡೆದಿಲ್ಲ, ಸತ್ತದ್ದು ಒಂದು ಬೈಗೆ ಮೀನು. ಅದಕ್ಕಾಗಿ ಒಬ್ಬ ಒಳ್ಳೆಯ ಮನುಷ್ಯನ ನೌಕರಿ ಹೋಗುವುದು ಅವನ ಮನಸ್ಸಿಗೆ ಒಪ್ಪಲಿಲ್ಲ. ಹೊಟ್ಟೆಯಲ್ಲಿ ಗೋದಾವರಮ್ಮನವರ ಹಾಲುಬಾಯಿ ಬೇರೆ ಇತ್ತು.

"ಸಾಹೇಬರಿಗೆ ಏನು ಹೇಳ್ತೀರಿ?"

"ನಾಳಿನ ಊಟಕ್ಕೆ ತರ್ಕಾರಿ ಹೆಚ್ಚುವಾಗ ಮನೆಯೋರ್ ಮೂರ್ ಜನ ಕೈ ಕೊಯ್ಕಂಡ್ರ್ ಅಂದೇಳಿ ಹೇಳುವ. ನಾಲ್ಕನೇದ್..." ಗೋವರ್ಧನರು ಸುಧೀರನ ಹತ್ತು ಬೆರಳುಗಳನ್ನು ಒಮ್ಮೆ ಆಸೆಯಿಂದ ನೋಡಿದರು.

ಡಿವೈಎಸ್ಪಿಯವರ ಜೀಪು ಗೇಟಿಗೆ ಬಂದು ನಿಲ್ಲುವಾಗ ಗೋದಾವರಮ್ಮ ಸುಧೀರನ ತೋರುಬೆರಳಿಗೆ ಅರಸಿನ ಹಚ್ಚಿ ಬಟ್ಟೆ ಕಟ್ಟಿ ಮುಗಿಸಿದ್ದರು. ಆ ಅಂಗಳದಲ್ಲಿ ಕೊಯ್ಯದೆ ಕಟ್ಟಿಸಿಕೊಂಡ ಬೆರಳು ಅದೊಂದೇ.

ಡಿವೈಎಸ್ಪಿ ಎತ್ತರದ, ಗಂಭೀರ ಮುಖದ ಮನುಷ್ಯ. ಗರುಡನ ಕತೆಯನ್ನು ಪೂರ್ತಿ ಕೇಳಿದರು. ಮೂವರ ಬೆರಳುಗಳನ್ನು ನೋಡಿದರು. ಆಮೇಲೆ ಸುಧೀರನ ಬೆರಳನ್ನು ನೋಡಿದರು.

"ನೀವು ಪ್ರಯೋಗಾಲಯದವರಲ್ಲವೇ? ನಿಮ್ಮ ಬೆರಳಿಗೇನಾಯಿತು?"

"ಅದು... ಸೌತೆಕಾಯಿ, ಸರ್."

"ಸೌತೆಕಾಯಿ?"

"ಸಾಹೇಬ್ರೂ ಹೆಚ್ಚುಕೆ ಕೈ ಹಾಕ್ದ್ರ್ ಸರ್," ಎಂದು ಗೋವರ್ಧನರು ಎಡಗೈಯಲ್ಲಿ ಸೆಲ್ಯೂಟ್ ಮಾಡಿ ಹೇಳಿದರು. ಡಿವೈಎಸ್ಪಿ ಅದನ್ನು ಗಮನಿಸಲಿಲ್ಲ. ಅವರ ಗಮನವೆಲ್ಲ ಸುಧೀರನ ಮೇಲಿತ್ತು.

"ಅಪರಾಧ ನಡೆದ ಸ್ಥಳಕ್ಕೆ ಬಂದು ಸೌತೆಕಾಯಿ ಹೆಚ್ಚಿದಿರಿ. ಹೆಚ್ಚಿ, ಹಿತ್ತಲಲ್ಲಿ ರಕ್ತ ಸುರಿಸಿದಿರಿ. ನಿಮ್ಮ ನಿರ್ದೇಶಕರಿಗೆ ಬರೆಯುತ್ತೇನೆ." ಅವರು ಹಲಗೆಯತ್ತ ಬಾಗಿದರು. "ಇದರಲ್ಲಿ ನಿಮ್ಮದು ಯಾವುದು?"

ಸುಧೀರ ಬೇಲಿಯದ್ದನ್ನು ತೋರಿಸಿದ. "ಎಬಿ, ಸರ್."

ಡಿವೈಎಸ್ಪಿಯವರ ಮುಖ ಒಮ್ಮೆಲೇ ಬದಲಾಯಿತು. ಗಂಭೀರತೆ ಇಳಿದು ಅಲ್ಲಿ ಒಬ್ಬ ಕಂಗೆಟ್ಟ ಮನುಷ್ಯ ಕಾಣಿಸಿದ. "ಎಬಿಯಾ? ನಿಜವಾಗಿ ಎಬಿಯಾ? ಬೆಳಿಗ್ಗೆಯಿಂದ ಊರಿಡೀ ಹುಡುಕ್ತಿದ್ದೇನೆ ಮಾರಾಯ್ರೆ. ನನ್ನ ಭಾವನಿಗೆ ಉಡುಪಿಯ ಆಸ್ಪತ್ರೆಯಲ್ಲಿ ಇವತ್ತು ಸಂಜೆ ಆಪರೇಷನ್ನು. ಎಬಿ ರಕ್ತವೇ ಕೊಡಿ ಅಂತ ಡಾಕ್ಟರು ಹಟ ಹಿಡಿದಿದ್ದಾರೆ." ಸುಧೀರನ ಕಪ್ಪು ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡರು. "ಮೆಮೊ ನಾಳೆ. ರಕ್ತ ಇವತ್ತು. ಹತ್ತಿ ಜೀಪು."

ಸುಧೀರ ಗೋವರ್ಧನರ ಕಡೆ ತಿರುಗಿದ. ಗೋವರ್ಧನರು ಬಲಗೈಯನ್ನು ಜೇಬಿನಲ್ಲಿ ಇನ್ನಷ್ಟು ಆಳಕ್ಕೆ ತಳ್ಳಿ, ಚಪ್ಪರದ ಕಂಬಗಳನ್ನು ಎಣಿಸುವವರಂತೆ ಮೇಲೆ ನೋಡುತ್ತಿದ್ದರು.

"ದೇವ್ರ್ ನಿಮ್ಗೆ ಒಳ್ಳೇದ್ ಮಾಡ್ಲಿ ಮಗಾ!" ಎಂದು ಗೋದಾವರಮ್ಮ ಬಾಳೆಲೆಯಲ್ಲಿ ಕಟ್ಟಿದ ಹಾಲುಬಾಯಿ ಅವನ ಮಡಿಲಿಗೆ ಇಟ್ಟರು.

ಜೀಪು ಹೊರಟಿತು. ಉಡುಪಿಯವರೆಗೂ ಡಿವೈಎಸ್ಪಿಯವರು ಭಾವನ ಒಳ್ಳೆಯ ಗುಣಗಳನ್ನು ವರ್ಣಿಸುತ್ತ, ಸುಧೀರನ ಬೆನ್ನು ತಟ್ಟುತ್ತ ಬಂದರು. ಓ ಗುಂಪಿನ ಸುಧೀರ ಪ್ರತಿ ತಟ್ಟಿಗೂ ಸ್ವಲ್ಪ ಸ್ವಲ್ಪವೇ ಸೀಟಿನೊಳಗೆ ಕುಸಿಯುತ್ತ ಹೋದ.